ಮೊದಲು ಮೇವು, ಆಮೇಲೆ ಮಂದೆ

ಹಳ್ಳಿಯಲ್ಲಿ ಯಾರಾದರೂ ಹಸು ಕೊಳ್ಳಲು ಹೊರಟರೆ, ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಹಸುವಿನ ಬಣ್ಣವನ್ನು ಕುರಿತದ್ದಲ್ಲ, ಹಾಲನ್ನು ಕುರಿತದ್ದೂ ಅಲ್ಲ. "ಬಣವೆ ಎಷ್ಟಿದೆ? ಬೇಸಗೆಗೆ ಹುಲ್ಲು ಎಲ್ಲಿಂದ ತರುತ್ತೀಯೆ?" ಎಂದೇ ಅವರು ಕೇಳುತ್ತಾರೆ. ಮೇವಿಲ್ಲದೆ ಮಂದೆಯಿಲ್ಲ ಎಂಬುದನ್ನು ಒಕ್ಕಲು ಮನೆತನದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಪಾಠವನ್ನು ಕಡಲಿನ ವಿಷಯದಲ್ಲಿ ಮನುಷ್ಯ ಕಲಿತದ್ದು ತೀರ ಈಚೆಗೆ. ಒಂದು ಪ್ರಾಣಿಯನ್ನು ಅವನು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಟೆಯಾಡಿ ತಿಂದ. ಅದನ್ನು ಸಾಕಲು ಅವನಿಗೆ ಸಾಧ್ಯವಾದದ್ದು ಅದರ ಮೇವನ್ನು ಬೆಳೆಯಲು ಕಲಿತ ಮೇಲೆಯೇ. ಆ ಕಥೆಯನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ. ಪ್ರಾಣಿಯ ಹೆಸರು ಅಬಲೋನಿ. ಅದರ ಮೇವು ಕಡಲಕಳೆ.

ಚಿಪ್ಪಿನ ಪ್ರಾಣಿ ಎಂದೊಡನೆ ನಮ್ಮ ಕರಾವಳಿಯವರಿಗೆ ಮರುವಾಯಿ, ಬಳಚು, ಪಚ್ಚಿಲೆಗಳ ನೆನಪಾಗುವುದು ಸಹಜ. ಇವು ಎರಡು ಚಿಪ್ಪುಗಳ ನಡುವೆ ಕುಳಿತು, ಹರಿಯುವ ನೀರನ್ನು ಸೋಸಿ, ಅದರಲ್ಲಿ ತೇಲಿಬರುವ ಕಣ್ಣಿಗೆ ಕಾಣದ ಸಸ್ಯಕಣಗಳನ್ನು ತಿಂದು ಬದುಕುತ್ತವೆ. ಇಂಥವನ್ನು ನೀರಿನಲ್ಲಿ ಸಾಕುವವನು ಮೇವು ಹಾಕಬೇಕಾಗಿಲ್ಲ. ಉಬ್ಬರವಿಳಿತವೇ ಅವಕ್ಕೆ ಉಣಿಸುತ್ತದೆ. ಅಬಲೋನಿಯ ರೀತಿ ಬೇರೆ. ಅದು ಬಸವನಹುಳುವಿನ ಬಳಗಕ್ಕೆ ಸೇರಿದ್ದು. ಅದಕ್ಕೆ ಒಂದೇ ಚಿಪ್ಪು. ಅದು ಹೆಚ್ಚುಕಡಮೆ ಮನುಷ್ಯನ ಕಿವಿಯ ಆಕಾರದಲ್ಲಿರುತ್ತದೆ. ವಿಜ್ಞಾನಿಗಳು ಇಟ್ಟಿರುವ ಹಾಲಿಯೋಟಿಸ್ ಎಂಬ ಹೆಸರಿಗೂ 'ಕಡಲಕಿವಿ' ಎಂದೇ ಅರ್ಥ. ಚಿಪ್ಪಿನ ಒಂದು ಅಂಚಿನಲ್ಲಿ ಉಸಿರಾಟದ ನೀರು ಹೊರಹೋಗಲು ಸಾಲಾಗಿ ರಂಧ್ರಗಳಿರುತ್ತವೆ. ಒಳಮೈ ಮುತ್ತಿನಂತೆ ನೀಲಿ, ಹಸಿರು, ಗುಲಾಬಿ ಬಣ್ಣಗಳಲ್ಲಿ ಹೊಳೆಯುತ್ತದೆ. ಅಗಲವಾದ ಒಂದೇ ಪಾದದಿಂದ ಅದು ಬಂಡೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಹತಾರವಿಲ್ಲದೆ ಅದನ್ನು ಕೀಳಲಾಗದು. ಕತ್ತಲಾದ ಮೇಲೆ ಹೊರಟು, ನಾಲಗೆಯ ಮೇಲಿನ ಅರದಂಥ ಹಲ್ಲುಗಳಿಂದ ಕಡಲಕಳೆಯನ್ನು ಕೆರೆಕೆರೆದು ತಿನ್ನುತ್ತದೆ. ಎಂದರೆ ಅದು ನೀರು ಸೋಸುವ ಪ್ರಾಣಿಯಲ್ಲ, ಮೇಯುವ ಪ್ರಾಣಿ. ಕಡಲಿನ ದನ ಎಂದರೂ ತಪ್ಪಾಗದು.

ಈ ಪ್ರಾಣಿಯ ಮಾಂಸಕ್ಕೆ ಪೂರ್ವದೇಶಗಳಲ್ಲಿ ಬಹು ಹಿಂದಿನಿಂದಲೂ ದೊಡ್ಡ ಬೆಲೆ. ಚೀನದಲ್ಲಿ ಕ್ರಿ.ಶ. 9ರಲ್ಲಿ ಸಿಂಹಾಸನವನ್ನು ಕಿತ್ತುಕೊಂಡು 23ರಲ್ಲಿ ಕೊಲೆಯಾದ ವಾಂಗ್ ಮಾಂಗ್ ಎಂಬ ದೊರೆ, ತನ್ನ ಕೊನೆಯ ದಿನಗಳಲ್ಲಿ ಚಿಂತೆಯಿಂದ ಊಟ ಸೇರದೆ ಬರಿಯ ಮದ್ಯ ಮತ್ತು ಅಬಲೋನಿಯ ಮೇಲೆ ಕಾಲ ಹಾಕಿದನೆಂದು ಹಾನ್ ವಂಶದ ಚರಿತ್ರೆ ಬರೆದಿಟ್ಟಿದೆ. ಹನ್ನೊಂದನೆಯ ಶತಮಾನದ ಮಹಾಕವಿ ಸು ಡೊಂಗ್‌ಪೊ ಅಬಲೋನಿಯ ಮೇಲೆಯೇ ಒಂದು ಪದ್ಯ ಕಟ್ಟಿದ್ದಾನೆ. ಜಪಾನಿನಲ್ಲಿ 927ರಲ್ಲಿ ಸಿದ್ಧವಾದ 'ಎಂಗಿಶಿಕಿ' ಎಂಬ ರಾಜಶಾಸನ ಗ್ರಂಥದಲ್ಲಿ, ಪ್ರಾಂತಗಳು ಅರಮನೆಗೆ ಸಲ್ಲಿಸಬೇಕಾದ ಕಾಣಿಕೆಗಳ ಪಟ್ಟಿಯಲ್ಲಿ ಅಬಲೋನಿ ಮತ್ತೆ ಮತ್ತೆ ಬರುತ್ತದೆ. ಅದರ ಮಾಂಸವನ್ನು ಉದ್ದುದ್ದ ಸೀಳಿ, ಒಣಗಿಸಿ, ಎಳೆದು ಚಪ್ಪಟೆ ಮಾಡಿದ ಪಟ್ಟಿಯನ್ನು ಉಡುಗೊರೆಯ ಜೊತೆಗೆ ಇಡುವುದು ಅಲ್ಲಿ ಶುಭ. ಇಂದಿಗೂ ಜಪಾನೀಯರು ಉಡುಗೊರೆಯ ಹೊದಿಕೆಗೆ ಅಂಟಿಸುವ 'ನೋಶಿ' ಎಂಬ ಕಾಗದದ ಮಡಿಕೆ ಆ ಒಣಪಟ್ಟಿಯ ಕುರುಹು.

ಆದರೆ ಓದುಗರು ಒಂದನ್ನು ಗಮನಿಸಬೇಕು. ಇಷ್ಟು ಶತಮಾನಗಳ ಕಾಲ ನಡೆದದ್ದೆಲ್ಲ ಬೇಟೆ, ಸಾಕಣೆಯಲ್ಲ. ಜಪಾನಿನ 'ಅಮಾ' ಎಂಬ ಮುಳುಗುಗಾರ್ತಿಯರು, ಕೊರಿಯದ ಜೆಜು ದ್ವೀಪದ 'ಹೆನ್ಯೊ' ಎಂಬ ಹೆಂಗಸರು ಉಸಿರು ಬಿಗಿಹಿಡಿದು ತಳಕ್ಕೆ ಇಳಿದು, ಬಂಡೆಯಿಂದ ಒಂದೊಂದಾಗಿ ಕಿತ್ತು ತಂದದ್ದೇ ಎಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಜಪಾನಿನ ನಾಗಸಾಕಿ ಬಂದರಿನಿಂದ ಚೀನಕ್ಕೆ ಒಣಗಿದ ಅಬಲೋನಿ ಹುಲ್ಲಿನ ಮೂಟೆಗಳಲ್ಲಿ ಹೋಗುತ್ತಿತ್ತು. ಅದೇ ವ್ಯಾಪಾರದಲ್ಲಿ ಇನ್ನೊಂದು ಸರಕೂ ಹೋಗುತ್ತಿತ್ತು: ಜಪಾನಿನ ಉತ್ತರದ ತಣ್ಣೀರಿನಲ್ಲಿ ಬೆಳೆಯುವ, ಅಗಲ ಪಟ್ಟಿಯಂಥ ಕಂದುಬಣ್ಣದ ಕಡಲಕಳೆ. ಇದನ್ನೇ ಜಪಾನೀಯರು ಕೊಂಬು ಎನ್ನುತ್ತಾರೆ. ಈ ಬಗೆಯ ದೊಡ್ಡ ಕಂದು ಕಳೆಗಳಿಗೆಲ್ಲ ಕೆಲ್ಪ್ ಎಂದು ಹೆಸರು. ಮಂದೆಯೂ ಮೇವೂ ಹೀಗೆ ಒಟ್ಟಿಗೇ ಕಡಲು ದಾಟಿದವು. ಆದರೆ ಎರಡೂ ಒಣಗಿ, ಅಡಿಗೆಮನೆಗೆಂದು. ಜೀವಂತವಾಗಿ ಇವೆರಡನ್ನೂ ಒಂದೆಡೆ ಸೇರಿಸಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಸಾಕಣೆಯ ಮೊದಲ ಹೆಜ್ಜೆಗಳನ್ನು ಇಟ್ಟವರು ಜಪಾನೀಯರು. 1935ರಲ್ಲಿ ಮುರಾಯಾಮ ಎಂಬ ವಿಜ್ಞಾನಿ ಅಬಲೋನಿಯ ಮೊಟ್ಟೆಯಿಂದ ಮರಿಯಾಗುವವರೆಗಿನ ಬೆಳವಣಿಗೆಯನ್ನು ವಿವರಿಸಿದ. ಯುದ್ಧ ಮುಗಿದ ಮೇಲೆ ಇನೊ ಎಂಬಾತ ಈ ಕೆಲಸವನ್ನು ಮುಂದುವರಿಸಿ, 1952ರಲ್ಲಿ ತನ್ನ ದೊಡ್ಡ ಪ್ರಬಂಧವನ್ನು ಪ್ರಕಟಿಸಿದ. ಅವನ ಪ್ರಯೋಗಗಳಲ್ಲಿ ಕಂಡ ಒಂದು ಸಂಗತಿ ಬಹಳ ಸೊಗಸಾದದ್ದು. ಅಬಲೋನಿ ಏನನ್ನು ತಿನ್ನುತ್ತದೆಯೋ ಅದರ ಬಣ್ಣ ಚಿಪ್ಪಿಗೆ ಇಳಿಯುತ್ತದೆ. ಕಂದು ಕಳೆಯನ್ನು ತಿಂದರೆ ಚಿಪ್ಪಿನ ಹೊಸ ಅಂಚು ಹಸಿರು ನೀಲಿಗೆ ತಿರುಗುತ್ತದೆ. ಕೆಂಪು ಕಳೆಯನ್ನು ತಿಂದರೆ ಕೆಂಗಂದಾಗುತ್ತದೆ. ಹೀಗೆ ಪ್ರಾಣಿ ತಾನು ಉಂಡದ್ದನ್ನೆಲ್ಲ ಪಟ್ಟೆಪಟ್ಟೆಯಾಗಿ ತನ್ನ ಮೈಮೇಲೆಯೇ ಬರೆದಿಟ್ಟುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ದಿನಸಿ ಲೆಕ್ಕದ ಪುಸ್ತಕವಿದ್ದಂತೆ. ಮುಂದೆ ಜಪಾನೀಯರು ಮರಿಗಳನ್ನು ತೊಟ್ಟಿಗಳಲ್ಲಿ ಸಾಕಿ ಕಡಲಿಗೆ ಬಿಡತೊಡಗಿದಾಗ ಈ ಲೆಕ್ಕಪುಸ್ತಕ ಬಹಳ ಉಪಯೋಗಕ್ಕೆ ಬಂತು. ತೊಟ್ಟಿಯಲ್ಲಿ ಬೆಳೆದ ಮರಿಯ ಚಿಪ್ಪಿನ ತುದಿ ಹಸಿರಾಗಿಯೇ ಉಳಿಯುತ್ತದೆ. ಕಡಲಿನಲ್ಲಿ ಮೇಯ್ದು ಬೆಳೆದ ಭಾಗ ಕಂದಾಗುತ್ತದೆ. ವರ್ಷಗಳ ಮೇಲೆ ಹಿಡಿದ ಅಬಲೋನಿಯನ್ನು ಒಮ್ಮೆ ನೋಡಿದರೆ ಸಾಕು. ಅದು ಮನುಷ್ಯ ಬಿಟ್ಟದ್ದೋ ಕಡಲೇ ಹೆತ್ತದ್ದೋ ಎಂದು ಮೀನುಗಾರ ಹೇಳಬಲ್ಲ.

ಮರಿ ಮಾಡಿಸುವುದೇನೂ ಸುಲಭವಾಗಿರಲಿಲ್ಲ. ಗಂಡೂ ಹೆಣ್ಣೂ ಒಂದೇ ಹೊತ್ತಿಗೆ ನೀರಿಗೆ ಬೀಜ, ಮೊಟ್ಟೆಗಳನ್ನು ಬಿಡಬೇಕು. 1974ರಲ್ಲಿ ಕಿಕುಚಿ ಮತ್ತು ಉಕಿ ಎಂಬ ಇಬ್ಬರು, ಅತಿನೇರಳೆ ಕಿರಣಗಳನ್ನು ಹಾಯಿಸಿದ ಕಡಲನೀರಿನಲ್ಲಿಟ್ಟರೆ ಅವು ಬೇಕೆಂದಾಗ ಮೊಟ್ಟೆಯಿಡುತ್ತವೆಂದು ತೋರಿಸಿದರು. ಮೊಟ್ಟೆಯಿಂದ ಹೊರಬಂದ ಮರಿ ಕೆಲವು ದಿನ ತನ್ನೊಳಗಿನ ಭಂಡಾರವನ್ನೇ ಉಂಡು ಈಜಾಡುತ್ತಿರುತ್ತದೆ. ಅನಂತರ ಎಲ್ಲಾದರೂ ಕುಳಿತುಕೊಳ್ಳಬೇಕು. ಕುಳಿತ ಜಾಗದಲ್ಲಿ ಮೇವಿಲ್ಲದಿದ್ದರೆ ಸಾಯಬೇಕು. ಕಡಲಿನಲ್ಲಿ ಅದು ಬಂಡೆಗೆ ಹೊಪ್ಪಳೆಯಂತೆ ಅಂಟಿಕೊಂಡಿರುವ ಒಂದು ಬಗೆಯ ಕೆಂಪು ಪಾಚಿಯನ್ನು ಹುಡುಕಿ ಕೂರುತ್ತದೆ. 1979ರಲ್ಲಿ ಕ್ಯಾಲಿಫೋರ್ನಿಯದ ಡೇನಿಯಲ್ ಮೋರ್ಸ್ ಮತ್ತು ಅವರ ಸಂಗಡಿಗರು ಇದರ ಗುಟ್ಟಿನ ಒಂದು ಎಳೆಯನ್ನು ಬಿಡಿಸಿದರು: ಪ್ರಾಣಿಗಳ ಮೆದುಳಿನಲ್ಲಿ ಸಂದೇಶ ಸಾಗಿಸುವ ಗಾಬಾ ಎಂಬ ವಸ್ತುವನ್ನು ನೀರಿಗೆ ಸೇರಿಸಿದರೆ ಈಜಾಡುವ ಮರಿಗಳು ಕುಳಿತುಬಿಡುತ್ತವೆ, ಆ ಪಾಚಿಯಲ್ಲಿ ಇದನ್ನೇ ಹೋಲುವ ವಸ್ತುಗಳಿವೆ. ಪಾಚಿ ಮರಿಯನ್ನು "ಬಾ, ಇಲ್ಲಿ ಕೂರು" ಎಂದು ಕರೆಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಕುಳಿತ ಮರಿಗೆ ಮೊದಲ ಕೆಲವು ತಿಂಗಳು ಬೇಕಾದದ್ದು ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳ ತೆಳು ಲೇಪ. ನಮ್ಮ ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಕಂದು ಲೋಳೆಯಂಥದು. ಜಪಾನೀಯರು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ತಗಡುಗಳನ್ನು ಬಿಸಿಲು ಬೀಳುವ ತೊಟ್ಟಿಗಳಲ್ಲಿ ನಿಲ್ಲಿಸಿ, ಅವುಗಳ ಮೇಲೆ ಮೊದಲು ಈ ಲೇಪ ಬೆಳೆಯಲು ಬಿಟ್ಟು, ಆಮೇಲೆ ಮರಿಗಳನ್ನು ಬಿಟ್ಟರು. ಇಲ್ಲಿಯೂ ಅದೇ ನಿಯಮ: ಮೊದಲು ಮೇವು, ಆಮೇಲೆ ಮಂದೆ. ಮರಿ ಬೆಳೆಬೆಳೆಯುತ್ತ ಲೇಪ ಸಾಲದಾಗುತ್ತದೆ. ಆಗ ಎಲೆಯಂಥ ದೊಡ್ಡ ಕಳೆಯೇ ಬೇಕು. ನಿಜವಾದ ತೊಂದರೆ ಶುರುವಾಗುವುದು ಇಲ್ಲಿಂದ. ಕಡಲಕಳೆಯ ತೂಕದಲ್ಲಿ ಬಹುಪಾಲು ನೀರು. ಆದ್ದರಿಂದ ಅಬಲೋನಿ ಒಂದು ಕಿಲೋ ಬೆಳೆಯಬೇಕಾದರೆ ಹತ್ತು ಕಿಲೋಗೂ ಮೀರಿ ಹಸಿ ಕೆಲ್ಪನ್ನು ಹಾಕಬೇಕು. ಮಾರಾಟಕ್ಕೆ ಬರುವಷ್ಟಾಗಲು ಎರಡು, ಮೂರು ವರ್ಷವಾದರೂ ಬೇಕು. ಅಷ್ಟು ಕಾಲ, ಅಷ್ಟು ಮೇವನ್ನು ಬಂಡೆಗಳಿಂದ ಕಿತ್ತು ತಂದು ಪೂರೈಸುವುದು ಸಾಧ್ಯವೆ?

ಈ ಪ್ರಶ್ನೆಗೆ ಉತ್ತರ ಬಂದದ್ದು ಚೀನದಿಂದ. ಅದೂ ಅಬಲೋನಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದವರಿಂದ. ಕೆಲ್ಪ್ ಚೀನದ ಮೂಲನಿವಾಸಿಯಲ್ಲ. 1927ರಲ್ಲಿ ದಾಲಿಯನ್ ಬಂದರಿನಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಜಪಾನಿನ ಕಡೆಯಿಂದ ಬಂದದ್ದು. ಆಗ ಜಪಾನೀಯರೇ ಅಲ್ಲಿ ಅದನ್ನು ಬೆಳೆಸುವ ಪ್ರಯತ್ನ ಮಾಡಿದರೂ ಅದು ದೊಡ್ಡ ಬೆಳೆಯಾಗಲಿಲ್ಲ. 1949ರ ಅನಂತರ ಈ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯನಾದವನು ತ್ಸೆಂಗ್ ಚೆಂಗ್‌ಕ್ವೆ. 1909ರಲ್ಲಿ ಷಿಯಾಮೆನ್ ಎಂಬ ಕಡಲೂರಿನಲ್ಲಿ ಹುಟ್ಟಿದ ಈತ, ತನ್ನೂರಿನ ಜನ ಬಂಡೆಗಳಿಂದ ಕಳೆ ಕಿತ್ತು ತಿನ್ನುವುದನ್ನು ಕಂಡು ಬೆಳೆದವನು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ 1942ರಲ್ಲಿ ಡಾಕ್ಟರೇಟ್ ಪಡೆದು, 1946ರಲ್ಲಿ ತಾಯ್ನಾಡಿಗೆ ಮರಳಿದ. ಕಿಂಗ್‌ಡಾವ್ ನಗರದ ಅವನ ಪ್ರಯೋಗಾಲಯದ ಮುಂದೆ ಎರಡು ತೊಡಕುಗಳಿದ್ದವು. ಒಂದು, ಕೆಲ್ಪಿಗೆ ತಂಪು ಬೇಕು. ಅಲ್ಲಿನ ಬೇಸಗೆಯ ನೀರು ಅದರ ಸಸಿಗಳನ್ನು ಬದುಕಗೊಡದು. ಎರಡು, ಹಳದಿ ಸಮುದ್ರದ ಅನೇಕ ಕಡೆ ನೀರಿನಲ್ಲಿ ಸಾರಜನಕದ ಸತ್ತ್ವ ಸಾಲದು.

ಮೊದಲನೆಯದಕ್ಕೆ ಅವರು ಕಂಡ ಉಪಾಯ ನಮ್ಮ ರೈತರಿಗೆ ಪರಿಚಿತವಾದದ್ದೇ: ಒಟ್ಟುಪಾತಿ. ತಂಪು ಮಾಡಿದ ನೀರಿನ ಗಾಜಿನ ಮನೆಗಳಲ್ಲಿ ಬೇಸಗೆಯಲ್ಲೇ ಸಸಿ ಎಬ್ಬಿಸಿ, ಶರತ್ಕಾಲದಲ್ಲಿ ಕಡಲು ತಣ್ಣಗಾದೊಡನೆ ಹಗ್ಗಗಳಿಗೆ ನಾಟಿ ಮಾಡಿ, ತೇಲುವ ತೆಪ್ಪಗಳಿಂದ ಇಳಿಬಿಟ್ಟರು. ಎರಡನೆಯದಕ್ಕೆ ಜಿನುಗುವ ಮಣ್ಣಿನ ಮಡಕೆಗಳಲ್ಲಿ ಗೊಬ್ಬರ ತುಂಬಿ ಸಾಲುಗಳ ನಡುವೆ ತೂಗುಹಾಕಿದರು. ಬೇಸಗೆಯಲ್ಲಿ ನಾವು ನೀರು ತಂಪಾಗಿಡುವ ಮಣ್ಣಿನ ಹೂಜಿಯನ್ನು ನೆನೆಸಿಕೊಳ್ಳಿ. ಅದು ಬೆವರಿದಂತೆ ಈ ಮಡಕೆಗಳಿಂದ ಗೊಬ್ಬರದ ಸತ್ತ್ವ ಸ್ವಲ್ಪಸ್ವಲ್ಪವಾಗಿ ಕಡಲಿಗೆ ಜಿನುಗುತ್ತಿತ್ತು. 1950ರ ದಶಕ ಮುಗಿಯುವುದರೊಳಗೆ ಉತ್ತರದ ಈ ಕಳೆಯನ್ನು ದಕ್ಷಿಣದ ಫುಜಿಯನ್ ಪ್ರಾಂತದವರೆಗೂ ಇಳಿಸಿ ಬೆಳೆಯತೊಡಗಿದರು. ಅವರ ಉದ್ದೇಶ ಜನರ ಊಟಕ್ಕೆ ತರಕಾರಿ, ಗಳಗಂಡದ ನಿವಾರಣೆಗೆ ಅಯೋಡಿನ್, ಕೈಗಾರಿಕೆಗೆ ಅಂಟು. ನಾವು 'ಕಳೆ' ಎಂದು ಕರೆಯುವುದು ಹೀಗೆ 'ಬೆಳೆ'ಯಾಯಿತು.

ಬಣವೆ ಸಿದ್ಧವಾದ ಮೇಲೆ ಮಂದೆ ಬರುವುದು ತಡವಾಗಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಚೀನೀಯರು ಅಬಲೋನಿ ಸಾಕಣೆಗೆ ಕೈಹಾಕಿದರು. ಫುಜಿಯನ್ ಪ್ರಾಂತದ ಲಿಯನ್‌ಜಿಯಾಂಗ್ ಕೊಲ್ಲಿಗಳಲ್ಲಿ ಈಗ ನೋಡಿದರೆ, ಒಂದು ಕಡೆ ಕೆಲ್ಪಿನ ಹಗ್ಗಗಳ ಸಾಲು, ಮಗ್ಗುಲಲ್ಲೇ ಅಬಲೋನಿಯ ಪಂಜರಗಳ ಸಾಲು. ಆಳುಗಳು ದೋಣಿಯಲ್ಲಿ ಬಂದು ಪಂಜರವನ್ನು ಮೇಲೆತ್ತಿ, ಹಳೆಯ ಎಂಜಲನ್ನು ತೆಗೆದು, ಹೊಸ ಮೇವನ್ನು ತುಂಬಿ ಮತ್ತೆ ಇಳಿಬಿಡುತ್ತಾರೆ. ಕೆಲ್ಪ್ ಚಳಿಗಾಲದ ಬೆಳೆ. ಬೇಸಗೆಯಲ್ಲಿ ಅದು ಸಿಗದಾಗ ಗ್ರಾಸಿಲೇರಿಯ ಎಂಬ ಕೆಂಪು ಕಳೆಯನ್ನೋ, ಒಣಗಿಸಿಟ್ಟ, ಉಪ್ಪು ಹಾಕಿಟ್ಟ ಕೆಲ್ಪನ್ನೋ ಕೊಡುತ್ತಾರೆ. ಬೇಸಗೆಯ ಸೆಕೆಗೆ ಪ್ರಾಣಿಯೇ ಬಳಲುವುದರಿಂದ, ಹಡಗಿನಲ್ಲಿ ಉತ್ತರದ ತಂಪು ನೀರಿಗೆ ಒಯ್ದು, ಚಳಿಗೆ ಮುಂಚೆ ದಕ್ಷಿಣಕ್ಕೆ ಮರಳಿ ತರುವ ಪದ್ಧತಿಯೂ ಬೆಳೆದಿದೆ. ನಮ್ಮ ಬಯಲುಸೀಮೆಯ ಕುರಿಗಾರರು ಮಂದೆಯೊಡನೆ ವಲಸೆ ಹೋಗುವುದಿಲ್ಲವೆ, ಹಾಗೆ. 1970ರ ಸುಮಾರಿಗೆ ಲೋಕದ ಕಡಲುಗಳಲ್ಲೆಲ್ಲ ಹಿಡಿದ ಅಬಲೋನಿ ಸುಮಾರು 20,000 ಟನ್. ಆಮೇಲೆ ಆ ಹಿಡಿತ ಇಳಿಯುತ್ತಲೇ ಬಂತು. 2020ರಲ್ಲಿ ಚೀನವೊಂದೇ ಸಾಕಿ ತೆಗೆದದ್ದು 2,00,000 ಟನ್ನಿಗೂ ಹೆಚ್ಚು. ದಕ್ಷಿಣ ಕೊರಿಯದ ವಾಂಡೊ ದ್ವೀಪಗಳ ಕಥೆಯೂ ಇಂಥದೇ. ಕೊರಿಯದಲ್ಲಿ ಬಾಣಂತಿಗೆ ಸಾರು ಮಾಡಿಕೊಡುವ ಮಿಯೊಕ್ ಎಂಬ ಕಳೆಯನ್ನೂ ಕೆಲ್ಪನ್ನೂ ಅಲ್ಲಿ ಅಬಲೋನಿಗೆಂದೇ ಬೇರೆಯಾಗಿ ಬೆಳೆಯುತ್ತಾರೆ.

ದಕ್ಷಿಣ ಆಫ್ರಿಕದಲ್ಲಿ ದಾರಿ ಸ್ವಲ್ಪ ಬೇರೆಯಾಯಿತು. ಅಲ್ಲಿ 1990ರ ದಶಕದಲ್ಲಿ ದಡದ ಮೇಲಿನ ತೊಟ್ಟಿಗಳಲ್ಲಿ ಸಾಕಣೆ ಬೆಳೆಯಿತು. ಮೇವಿಗೆ ಕಡಲಿನ ಕಾಡು ಕೆಲ್ಪನ್ನು ಕತ್ತರಿಸಿ ತಂದರು. ಎಷ್ಟು ಕತ್ತರಿಸಿದರೆ ಕಾಡಿಗೆ ಕೇಡಿಲ್ಲ ಎಂಬ ಲೆಕ್ಕ ಬೇಗನೆ ಹುಟ್ಟಿಕೊಂಡಿತು. ಮೀನುಪುಡಿ, ಸೋಯಾ ಮುಂತಾದವನ್ನು ಸೇರಿಸಿದ ಒಣ ಗುಳಿಗೆಗಳೂ ಬಂದವು. ಹಸಿ ಕಳೆಯ ಹೊರೆ ಅವುಗಳಿಂದ ತಗ್ಗಿತು. ಆದರೂ ಕಳೆಯನ್ನು ಪೂರ್ತಿ ಬಿಡಲಾಗಲಿಲ್ಲ. ಹಲವು ಬಗೆಯ ಕಳೆಗಳನ್ನು ಬೆರಸಿ ಕೊಟ್ಟಾಗ ಪ್ರಾಣಿ ಗುಳಿಗೆಯಷ್ಟೇ ಚೆನ್ನಾಗಿ ಬೆಳೆಯುವುದು ಕಂಡುಬಂತು. ಆಗ ಕೆಲವರು ಇನ್ನೊಂದು ಜಾಣತನ ಮಾಡಿದರು. ಅಬಲೋನಿ ತೊಟ್ಟಿಯಿಂದ ಹೊರಬರುವ ಕೊಳೆನೀರನ್ನು ಕಾಲುವೆಗಳಿಗೆ ಹಾಯಿಸಿ, ಅದರಲ್ಲಿ ಉಲ್ವ ಎಂಬ ತೆಳು ಹಸಿರು ಕಳೆಯನ್ನು ಬೆಳೆದರು. ಕಳೆ ಕೊಳೆಯನ್ನು ಹೀರಿ ನೀರನ್ನು ತಿಳಿಯಾಗಿಸಿತು. ಸತ್ತ್ವವುಂಡು ಬೆಳೆದ ಆ ಕಳೆಯಲ್ಲಿ ಪ್ರೋಟೀನು ಹೆಚ್ಚಿತು. ಅದನ್ನೇ ಮರಳಿ ಅಬಲೋನಿಗೆ ಹಾಕಿದರು. ಕೊಟ್ಟಿಗೆಯ ಗೊಬ್ಬರ ಗದ್ದೆಗೆ, ಗದ್ದೆಯ ಹುಲ್ಲು ಕೊಟ್ಟಿಗೆಗೆ: ನಮ್ಮ ಅಜ್ಜಂದಿರ ಲೆಕ್ಕವೇ ಅಲ್ಲವೆ ಇದು?

ಇಷ್ಟು ಹೊತ್ತು ಹೇಳಿದ್ದು ಮೇವು ಇದ್ದ ಕಡೆಯ ಕಥೆ. ಮೇವು ಹೋದ ಕಡೆಯ ಕಥೆಯನ್ನೂ ಹೇಳಬೇಕು. ಉತ್ತರ ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಕಡಲಡಿಯ ಕೆಲ್ಪ್ ಕಾಡುಗಳಿದ್ದವು. ಅವುಗಳ ನೆರಳಿನಲ್ಲಿ ಕೆಂಪು ಅಬಲೋನಿ ಹೇರಳವಾಗಿತ್ತು. ಅಲ್ಲಿ ಹಿಡಿಯುವವರಿಗೆ ಕಟ್ಟುನಿಟ್ಟಾದ ನಿಯಮಗಳಿದ್ದವು: ಉಸಿರುಚೀಲ ಕಟ್ಟಿಕೊಂಡು ಮುಳುಗುವಂತಿಲ್ಲ, ಸಣ್ಣದನ್ನು ಮುಟ್ಟುವಂತಿಲ್ಲ. ಮಂದೆಯನ್ನು ಕಾಯುವುದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ 2013ರಿಂದ ಅಲ್ಲಿನ ನಕ್ಷತ್ರಮೀನುಗಳು ಒಂದು ರೋಗಕ್ಕೆ ತುತ್ತಾಗಿ ಸಾಯತೊಡಗಿದವು. ಅವುಗಳ ಭಯವಿಲ್ಲದೆ, ಮುಳ್ಳುಚೆಂಡಿನಂಥ ಕಡಲಮುಳ್ಳಿ ಎಂಬ ಪ್ರಾಣಿಗಳು ಮಿತಿಮೀರಿ ಹೆಚ್ಚಿದವು. 2014ರಿಂದ 2016ರ ವರೆಗೆ ಕಡಲಿನ ನೀರು ವಾಡಿಕೆಗಿಂತ ಬಹಳ ಬಿಸಿಯಾಗಿತ್ತು, ಕೆಲ್ಪ್ ಸೊರಗಿತು. ಸೊರಗಿ ಉಳಿದದ್ದನ್ನು ಕಡಲಮುಳ್ಳಿಗಳು ಬೇರುಸಹಿತ ತಿಂದು ಹಾಕಿದವು. ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೆಲ್ಪ್ ಕಾಡು ಅಳಿಯಿತು. ಮುಳುಗಿ ನೋಡಿದವರಿಗೆ ಕಂಡದ್ದು ಬೋಳು ಬಂಡೆಗಳು, ಉಳಿದೊಂದು ಕಡ್ಡಿಯನ್ನು ಹತ್ತಿ ಮೇವು ಹುಡುಕುತ್ತಿದ್ದ ಅಬಲೋನಿಗಳು, ಮಾಂಸ ಬತ್ತಿ ಚಿಪ್ಪಿನೊಳಗೆ ಮುದುಡಿದ ಮೈಗಳು, ತಳದ ತುಂಬ ಖಾಲಿ ಚಿಪ್ಪುಗಳು. ಯಾರೂ ಅವನ್ನು ಕೊಲ್ಲಲಿಲ್ಲ. ಅವು ಹಸಿವಿನಿಂದ ಸತ್ತವು. 2018ರಲ್ಲಿ ಅಲ್ಲಿ ಅಬಲೋನಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಬರಗಾಲ ನೆಲಕ್ಕೆ ಮಾತ್ರ ಬರುತ್ತದೆಂದು ತಿಳಿದಿದ್ದವರಿಗೆ ಇದೊಂದು ಪಾಠ.

ಇದೇ ನಾಡಿನ ದಕ್ಷಿಣದ ನೀರಿನಲ್ಲಿದ್ದ ಬಿಳಿ ಅಬಲೋನಿಯ ಅವಸ್ಥೆ ಇನ್ನೂ ಕಷ್ಟದ್ದು. ಅತಿಯಾಗಿ ಹಿಡಿದು, ಗಂಡಿಗೆ ಹೆಣ್ಣು ಹತ್ತಿರ ಸಿಗದಷ್ಟು ವಿರಳವಾಗಿ, 2001ರಲ್ಲಿ ಅದು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಬೇಟೆಯಿಂದ ಅಳಿದ ಈ ಜೀವಿಯನ್ನು ಈಗ ಉಳಿಸುತ್ತಿರುವುದು ಸಾಕಣೆಗೆಂದು ಕಲಿತ ವಿದ್ಯೆಯೇ. ತೊಟ್ಟಿಗಳಲ್ಲಿ ಮರಿ ಮಾಡಿಸಿ, ಡಯಾಟಮ್ ಲೇಪದಿಂದ ಆರಂಭಿಸಿ ಕಡಲಕಳೆಯಿಂದ ಬೆಳೆಸಿ, 2019ರಲ್ಲಿ ಮೊದಲ ಬಾರಿಗೆ ಕಡಲಿಗೆ ಮರಳಿ ಬಿಟ್ಟರು.

ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಜೂನ್ ತಿಂಗಳಿನಲ್ಲಿ ನಮ್ಮ ಕರಾವಳಿಗೂ ಮಲೆನಾಡಿಗೂ ಮುಂಗಾರು ಮಳೆ ಸುರಿಸುವ ನೈರುತ್ಯದ ಗಾಳಿ, ಅರಬ್ಬೀ ಸಮುದ್ರದ ಆಚೆ ದಡದಲ್ಲಿ, ಒಮಾನ್ ದೇಶದ ಢೋಫಾರ್ ತೀರದಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಅದು ಮೇಲಿನ ಬೆಚ್ಚನೆಯ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆಳದ ತಣ್ಣನೆಯ, ಸತ್ತ್ವಭರಿತ ನೀರು ಮೇಲಕ್ಕೆ ಬರುತ್ತದೆ. ನಮ್ಮಲ್ಲಿ ಗದ್ದೆ ಹಸಿರಾಗುವ ತಿಂಗಳುಗಳಲ್ಲೇ ಅಲ್ಲಿ ಬಂಡೆಗಳ ಮೇಲೆ ಕಡಲಕಳೆ ಕಾಡಾಗಿ ಎದ್ದುನಿಲ್ಲುತ್ತದೆ. ಆ ಮೇವನ್ನು ನಂಬಿ ಅಲ್ಲೊಂದು ಜಾತಿಯ ಅಬಲೋನಿ ಬದುಕಿದೆ. ನಮ್ಮ ದೇಶದ ಮನ್ನಾರ್ ಕೊಲ್ಲಿಯಲ್ಲಿಯೂ ಒಂದು ಸಣ್ಣ ಜಾತಿಯಿದೆ. ತೂತ್ತುಕುಡಿಯಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಮರಿ ಮಾಡಿಸಿ ಸಾಕಿ ತೋರಿಸಿದ್ದಾರೆ.

ಮುಂದೆ ಎಂದಾದರೂ ನಮ್ಮ ಕಡಲಿನಲ್ಲಿ ಇಂಥ ಮಂದೆ ಕಟ್ಟುವ ಮಾತು ಎದ್ದರೆ, ಲಾಭದ ಲೆಕ್ಕ ಹೇಳುವವರು ಬೇಕಾದಷ್ಟು ಜನ ಬಂದಾರು. ಅವರ ಮಾತನ್ನೂ ಕೇಳೋಣ. ಆದರೆ ಅದಕ್ಕೆ ಮೊದಲು ಹಸು ಕೊಳ್ಳಹೊರಟವನನ್ನು ಮನೆಯ ಹಿರಿಯರು ಕೇಳುವ ಆ ಹಳೆಯ ಪ್ರಶ್ನೆಯನ್ನು ಒಮ್ಮೆ ಕೇಳಿಬಿಡೋಣ: "ಬಣವೆ ಎಷ್ಟಿದೆಯಪ್ಪ?"